ಅಮೆರಿಕದಲ್ಲಿ ಮೊದಲ ಟ್ಯಾಕ್ಸ್ ರಿಟರ್ನ್: ಡಬ್ಲ್ಯೂ-2 ಬದಿಗಿಡಿ, ಮೊದಲು ದಿನ ಎಣಿಸಿ

ಜನವರಿ ಮುಗಿಯುವ ಹೊತ್ತಿಗೆ ಕಂಪನಿಯಿಂದ ಡಬ್ಲ್ಯೂ-2, ಅಂದರೆ ವರ್ಷದ ಸಂಬಳ ಮತ್ತು ಹಿಡಿದ ತೆರಿಗೆಯ ಚೀಟಿ, ಬರುತ್ತದೆ. ಹೊಸದಾಗಿ ಬಂದವರು ಅವತ್ತೇ ಯಾವುದಾದರೊಂದು ಸಾಫ್ಟ್‌ವೇರ್ ತೆರೆದು ಅಂಕಿ ತುಂಬಲು ಕೂರುತ್ತಾರೆ. ರೀಫಂಡ್ ಎಷ್ಟು ಬರುತ್ತದೆ ಎಂಬುದೇ ಅವರಿಗಿರುವ ಪ್ರಶ್ನೆ. ಆದರೆ ಮೊದಲ ಒಂದೆರಡು ವರ್ಷ ಡಬ್ಲ್ಯೂ-2ಗಿಂತ ಮುಂಚೆ ಕೈಗೆತ್ತಿಕೊಳ್ಳಬೇಕಾದದ್ದು ಪಾಸ್‌ಪೋರ್ಟ್ ಮತ್ತು ಕ್ಯಾಲೆಂಡರ್. ತೆರಿಗೆಯ ಮಟ್ಟಿಗೆ ನೀವು ಆ ವರ್ಷ ರೆಸಿಡೆಂಟೋ ನಾನ್‌ರೆಸಿಡೆಂಟೋ ಎಂದು ತೀರ್ಮಾನವಾಗುವ ತನಕ ಯಾವ ಫಾರಂ, ಯಾವ ಕಡಿತ, ಊರಿನ ಹಣ ತೋರಿಸಬೇಕೋ ಬೇಡವೋ, ಒಂದೂ ಗೊತ್ತಾಗುವುದಿಲ್ಲ. ವೀಸಾ ಕಾಗದದಲ್ಲಿರುವ 'ನಾನ್‌ಇಮಿಗ್ರೆಂಟ್' ಎಂಬ ಪದಕ್ಕೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ.

ಎಣಿಸುವುದು ಹೀಗೆ. ಈ ವರ್ಷ ಅಮೆರಿಕದ ನೆಲದಲ್ಲಿದ್ದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು. ಮೂರನ್ನೂ ಕೂಡಿದರೆ 183 ಮುಟ್ಟಬೇಕು, ಈ ವರ್ಷವೊಂದರಲ್ಲೇ ಕನಿಷ್ಠ 31 ದಿನ ಇದ್ದಿರಬೇಕು. ಎರಡೂ ಸೇರಿದರೆ ರೆಸಿಡೆಂಟ್. ವಿಮಾನ ಇಳಿದ ದಿನ, ಹತ್ತಿದ ದಿನ ಎರಡೂ ಪೂರ್ತಿ ದಿನಗಳೆಂದೇ ಲೆಕ್ಕ. ತಾರೀಖು ಮರೆತಿದ್ದರೆ ಸರ್ಕಾರದ ಐ-94 ತಾಣದಲ್ಲಿ ನಿಮ್ಮ ಬಂದು ಹೋದ ಪಟ್ಟಿ ಸಿಗುತ್ತದೆ, ಅದನ್ನು ಇಳಿಸಿಕೊಂಡು ರಿಟರ್ನ್ ಜೊತೆಗೇ ಇಟ್ಟುಕೊಳ್ಳಿ.

ಹಿಂದೆ ಅಮೆರಿಕಕ್ಕೆ ಕಾಲಿಡದವರು ಎಚ್-1ಬಿ ಅಥವಾ ಎಲ್-1 ಕೆಲಸದ ವೀಸಾ ಮೇಲೆ ಜುಲೈ 2ರೊಳಗೆ ಬಂದು ಇಲ್ಲೇ ಉಳಿದರೆ ಡಿಸೆಂಬರ್ 31ಕ್ಕೆ ಸರಿಯಾಗಿ 183 ಆಗುತ್ತದೆ. ಜುಲೈ 3ಕ್ಕೆ ಬಂದವರಿಗೆ ಒಂದು ದಿನ ಕಡಿಮೆ. ಇಲ್ಲಿ ಬಹಳ ಜನ ಮರೆಯುವುದು ಹಳೆಯ ಬಿ-1 (ಬಿಸಿನೆಸ್ ಭೇಟಿಯ ವೀಸಾ) ಪ್ರಯಾಣಗಳನ್ನು. ಹಿಂದಿನ ವರ್ಷ ಕ್ಲೈಂಟ್ ಕೆಲಸಕ್ಕೆಂದು 60 ದಿನ ಬಂದು ಹೋಗಿದ್ದರೆ ಅದರಿಂದ 20 ದಿನ ಸೇರುತ್ತದೆ, ಆಗ ಜುಲೈ 22ಕ್ಕೆ ಬಂದವರೂ ರೆಸಿಡೆಂಟ್.

ಅಕ್ಟೋಬರ್ 1ರಿಂದ ಎಚ್-1ಬಿ ಶುರುವಾದವರ ಲೆಕ್ಕದಲ್ಲೇ ಹೆಚ್ಚು ತಪ್ಪಾಗುತ್ತದೆ. ಅಕ್ಟೋಬರ್ 1ರಿಂದ ವರ್ಷದ ಕೊನೆಗೆ 92 ದಿನ ಮಾತ್ರ. ಅಂದರೆ ಆ ವರ್ಷ ನೀವು ನಾನ್‌ರೆಸಿಡೆಂಟ್, ತುಂಬಬೇಕಾದದ್ದು ನಾನ್‌ರೆಸಿಡೆಂಟರ ರಿಟರ್ನ್ ಫಾರಂ 1040-ಎನ್‌ಆರ್. ಅದಕ್ಕೆ ಮುಂಚೆ ಎಫ್-1 ವಿದ್ಯಾರ್ಥಿ ವೀಸಾ ಮೇಲೆ ಇಲ್ಲೇ ಓದುತ್ತಿದ್ದವರಿಗೂ ಸಾಮಾನ್ಯವಾಗಿ ಇದೇ ಉತ್ತರ, ಏಕೆಂದರೆ ವಿದ್ಯಾರ್ಥಿಯ ಮೊದಲ ಐದು ವರ್ಷದ ದಿನಗಳು ಎಣಿಕೆಗೇ ಬರುವುದಿಲ್ಲ. ಐದು ವರ್ಷ ಎಂದರೆ ಐದು ಕ್ಯಾಲೆಂಡರ್ ವರ್ಷ. 2021ರ ಆಗಸ್ಟ್‌ನಲ್ಲಿ ಬಂದವರಿಗೆ 2021ರಿಂದ 2025ರವರೆಗೆ ವಿನಾಯಿತಿ, 2026ರ ಜನವರಿ 1ರಿಂದ ದಿನ ಎಣಿಕೆ ಆರಂಭ. ಡಿಸೆಂಬರ್ 28ಕ್ಕೆ ಬಂದಿಳಿದರೆ ಆ ನಾಲ್ಕು ದಿನಕ್ಕೇ ಒಂದು ವರ್ಷ ಖರ್ಚಾದಂತೆ.

ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದನ್ನು ಇಲ್ಲೇ ಮುಗಿಸುತ್ತೇನೆ. ಒಂದು ಡಾಲರ್ ಸಂಪಾದನೆ ಇಲ್ಲದಿದ್ದರೂ ಪ್ರತಿ ವರ್ಷ ಈ ವಿನಾಯಿತಿಯನ್ನು ತಿಳಿಸುವ ಫಾರಂ 8843 ಕಳಿಸಬೇಕು. ಎಫ್-2 ಮೇಲಿರುವ ಗಂಡ ಅಥವಾ ಹೆಂಡತಿ, ಮಕ್ಕಳಿಗೂ ತಲಾ ಒಂದೊಂದು. ಸಂಪಾದನೆ ಇದ್ದವರಿಗೆ 1040-ಎನ್‌ಆರ್. ಬೇರೆ ದೇಶಗಳಿಂದ ಬಂದ ನಾನ್‌ರೆಸಿಡೆಂಟ್ ವಿದ್ಯಾರ್ಥಿಗಳಿಗೆ ಸಿಗದ ಒಂದು ಅನುಕೂಲ ಭಾರತೀಯ ವಿದ್ಯಾರ್ಥಿಗಳಿಗಿದೆ: ಎರಡು ದೇಶಗಳ ತೆರಿಗೆ ಒಪ್ಪಂದದ 21(2)ನೇ ವಿಧಿಯ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಿಂದ ನೇರವಾಗಿ ಕಳೆಯುವ ನಿಗದಿತ ಮೊತ್ತ, ಪಡೆಯಬಹುದು. 2025ನೇ ವರ್ಷಕ್ಕೆ ಅದು 15,750 ಡಾಲರ್. ಇದನ್ನು ಬಿಟ್ಟವರು ಕಟ್ಟಬೇಕಿಲ್ಲದ ತೆರಿಗೆ ಕಟ್ಟಿದ್ದಾರೆ. ಇದಕ್ಕೆ ತಿರುವುಮುರುವಾದ ತಪ್ಪೂ ಅಷ್ಟೇ ಸಾಮಾನ್ಯ. ರೆಸಿಡೆಂಟರಿಗಾಗಿ ಮಾಡಿದ ಜನಪ್ರಿಯ ಸಾಫ್ಟ್‌ವೇರ್‌ನಲ್ಲಿ 1040 ತುಂಬಿ, ಕಾಲೇಜು ಫೀಸಿನ ಮೇಲಿನ ಎಜುಕೇಶನ್ ಕ್ರೆಡಿಟ್ (ತೆರಿಗೆಯಿಂದಲೇ ಕಳೆಯುವ ರಿಯಾಯಿತಿ) ಪಡೆದು, ಸಾವಿರ ಎರಡು ಸಾವಿರ ರೀಫಂಡ್ ಬಂತೆಂದು ಖುಷಿಪಡುತ್ತಾರೆ. ನಾನ್‌ರೆಸಿಡೆಂಟ್‌ಗೆ ಆ ಕ್ರೆಡಿಟ್ ಇಲ್ಲ. ಗೊತ್ತಾದ ಕೂಡಲೇ 1040-ಎಕ್ಸ್ ಜೊತೆ ಸರಿಯಾದ 1040-ಎನ್‌ಆರ್ ಲಗತ್ತಿಸಿ ತಿದ್ದುಪಡಿ ಕಳಿಸಿ, ಹಣ ಹಿಂದಿರುಗಿಸಿ. ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಪತ್ರ ಬರಲಿ ಎಂದು ಕಾಯಬೇಡಿ.

ಒಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) ಮೇಲೆ ಕೆಲಸ ಮಾಡುವವರು ಪೇ ಸ್ಲಿಪ್‌ನಲ್ಲಿ ಸೋಶಿಯಲ್ ಸೆಕ್ಯೂರಿಟಿಯ (ಪಿಂಚಣಿ) 6.2 ಮತ್ತು ಮೆಡಿಕೇರ್‌ನ (ವೃದ್ಧರ ಆರೋಗ್ಯ ವಿಮೆ) 1.45 ಶೇಕಡಾ ಹಿಡಿದಿದ್ದಾರೆಯೇ ನೋಡಿಕೊಳ್ಳಿ. ನಾನ್‌ರೆಸಿಡೆಂಟ್ ಆಗಿರುವಷ್ಟು ಕಾಲ ಅದನ್ನು ಹಿಡಿಯುವಂತಿಲ್ಲ. 40,000 ಡಾಲರ್ ಸಂಬಳಕ್ಕೆ ಅದು 3,060 ಡಾಲರ್ ಆಗುತ್ತದೆ. ಮೊದಲು ಪೇರೋಲ್ ವಿಭಾಗವನ್ನೇ ಕೇಳಿ, ಅವರು ಹಿಂದಿರುಗಿಸದಿದ್ದರೆ ಫಾರಂ 843 ಮತ್ತು 8316 ಸೇರಿಸಿ ಐಆರ್‌ಎಸ್‌ಗೆ ಕಳಿಸಿ. ಎಚ್-1ಬಿಗೆ ಬದಲಾದ ದಿನದಿಂದ ಅಥವಾ ರೆಸಿಡೆಂಟ್ ಆದಮೇಲೆ ಮಾತ್ರ ಈ ಕಡಿತ ಸರಿ. ಇನ್ನೊಂದು ಮಾತು: ವರ್ಷದಲ್ಲಿ 183 ದಿನ ಇಲ್ಲಿದ್ದ ನಾನ್‌ರೆಸಿಡೆಂಟ್ ವಿದ್ಯಾರ್ಥಿ ಷೇರು ಮಾರಿ ಲಾಭ ಮಾಡಿದರೆ ಅದರ ಮೇಲೆ ನೇರ 30 ಶೇಕಡಾ ತೆರಿಗೆ, ಎಷ್ಟು ಕಾಲ ಇಟ್ಟುಕೊಂಡಿದ್ದರೂ ಅಷ್ಟೇ. ಬ್ರೋಕರ್‌ಗೆ ರೆಸಿಡೆಂಟರ ಫಾರಂ ಡಬ್ಲ್ಯೂ-9 ಅಲ್ಲ, ನಾನ್‌ರೆಸಿಡೆಂಟರ ಡಬ್ಲ್ಯೂ-8ಬೆನ್ ಕೊಡಬೇಕು.

ಈಗ ವರ್ಷದ ನಡುವೆ ಬಂದು ರೆಸಿಡೆಂಟ್ ಆದವರ ವಿಷಯ. ಇವರನ್ನು ಡ್ಯುಯಲ್ ಸ್ಟೇಟಸ್ ಎನ್ನುತ್ತಾರೆ: ಬರುವ ತನಕ ನಾನ್‌ರೆಸಿಡೆಂಟ್, ಬಂದಿಳಿದ ದಿನದಿಂದ ರೆಸಿಡೆಂಟ್. ಅನುಕೂಲವೇನೆಂದರೆ ಬರುವ ಮುಂಚೆ ಬೆಂಗಳೂರಿನಲ್ಲಿ ದುಡಿದ ಸಂಬಳ ಅಮೆರಿಕದ ಲೆಕ್ಕಕ್ಕೆ ಸೇರುವುದಿಲ್ಲ. ನಷ್ಟವೇನೆಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸುವಂತಿಲ್ಲ. ಮದುವೆಯಾಗದವರಿಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ರಾಜ್ಯಕ್ಕೆ ಕಟ್ಟಿದ ತೆರಿಗೆಯಂಥ ಖರ್ಚುಗಳನ್ನು ಷೆಡ್ಯೂಲ್ ಎ ಮೂಲಕ ತೋರಿಸಿ ಸ್ವಲ್ಪ ಉಳಿಸಬಹುದು ಅಷ್ಟೇ.

ಮದುವೆಯಾದವರಿಗೆ ಆಯ್ಕೆ ಇದೆ. ಇಬ್ಬರೂ ಸೇರಿ 'ಇಡೀ ವರ್ಷ ನಮ್ಮನ್ನು ರೆಸಿಡೆಂಟ್ ಎಂದು ಪರಿಗಣಿಸಿ' ಎಂಬ ಹೇಳಿಕೆಗೆ ಸಹಿ ಮಾಡಿ ಲಗತ್ತಿಸಿದರೆ ಜಂಟಿ ರಿಟರ್ನ್ ಸಲ್ಲಿಸಬಹುದು. 2025ಕ್ಕೆ ಜಂಟಿ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಡಾಲರ್. ಬಹಳ ಸಂಸಾರಗಳಿಗೆ ಇದೇ ಲಾಭ. ಆದರೆ ಕಣ್ಣುಮುಚ್ಚಿ ಆರಿಸಬೇಡಿ. ಈ ಆಯ್ಕೆ ಮಾಡಿದೊಡನೆ ಜನವರಿ 1ರಿಂದ ಇಬ್ಬರ ಜಗತ್ತಿನ ಎಲ್ಲ ಆದಾಯವೂ ಲೆಕ್ಕಕ್ಕೆ ಬರುತ್ತದೆ: ಭಾರತದ ಸಂಬಳ, ಬ್ಯಾಂಕ್ ಬಡ್ಡಿ, ಹೊರಡುವ ಮುಂಚೆ ಮಾರಿದ ಸೈಟು, ಮ್ಯೂಚುವಲ್ ಫಂಡ್ ಲಾಭ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರಂ 1116ರಲ್ಲಿ ಕ್ರೆಡಿಟ್ ಸಿಗುತ್ತದೆ, ನಿಜ. ಆದರೂ ಆ ವರ್ಷವೇ ದೊಡ್ಡ ಮೊತ್ತದ ಆಸ್ತಿ ಮಾರಿದ್ದರೆ ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡದೆ ಸಹಿ ಮಾಡುವುದು ತಪ್ಪು.

ಅಕ್ಟೋಬರ್ 1ರಿಂದ ಎಚ್-1ಬಿ ಶುರುವಾದ ದಂಪತಿಗಳಿಗೆ ಈ ಬಾಗಿಲು ತೆರೆಯುವುದಕ್ಕೆ ಇನ್ನೊಂದು ಮೆಟ್ಟಿಲು ಬೇಕು, ಅದರ ಹೆಸರು ಫಸ್ಟ್ ಇಯರ್ ಚಾಯ್ಸ್. ಬಂದ ವರ್ಷ ಸತತ 31 ದಿನ ಇಲ್ಲಿದ್ದು, ಆ 31 ದಿನದ ಮೊದಲ ದಿನದಿಂದ ಡಿಸೆಂಬರ್ 31ರವರೆಗೆ ಮುಕ್ಕಾಲು ಪಾಲು ದಿನ ಇಲ್ಲೇ ಇದ್ದು, ಮುಂದಿನ ವರ್ಷ 183ರ ಪರೀಕ್ಷೆ ಪಾಸಾದರೆ ಇದನ್ನು ಆರಿಸಬಹುದು. ತೊಡಕಿರುವುದು 'ಪಾಸಾದರೆ' ಎಂಬಲ್ಲಿ. 92 ದಿನದ ಮೂರನೇ ಒಂದು ಪಾಲು 30 ಚಿಲ್ಲರೆ, 2025ರಲ್ಲಿ ಬಂದವರಿಗೆ ಉಳಿದ 153 ದಿನ ತುಂಬುವುದು 2026ರಲ್ಲಿ ಜೂನ್ 2ಕ್ಕೆ. ರಿಟರ್ನ್ ಸಲ್ಲಿಸಲು ಕೊನೆಯ ದಿನವೋ ಏಪ್ರಿಲ್ 15. ಆದ್ದರಿಂದ ಏಪ್ರಿಲ್ 15ರೊಳಗೆ ಫಾರಂ 4868 ಕಳಿಸಿ ಅಕ್ಟೋಬರ್ 15ರವರೆಗೆ ಸಮಯ ತೆಗೆದುಕೊಳ್ಳಬೇಕು. ಸಮಯ ಸಿಗುವುದು ಸಲ್ಲಿಸಲು ಮಾತ್ರ, ಹಣ ಕಟ್ಟಲು ಅಲ್ಲ. ಇಡೀ ವರ್ಷ ನಾನ್‌ರೆಸಿಡೆಂಟ್ ಎಂದೇ ಲೆಕ್ಕ ಹಾಕಿ ಬಾಕಿ ಇದ್ದರೆ ಆಗಲೇ ಕಟ್ಟಿ, ಜೂನ್ ನಂತರ ಜಂಟಿ ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸ್ ಪಡೆಯುವುದು.

ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಮೇಲಿರುವ ಸಂಗಾತಿಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಇಲ್ಲದಿದ್ದರೆ ಐಟಿಐಎನ್ (ತೆರಿಗೆಗಾಗಿಯೇ ಐಆರ್‌ಎಸ್ ಕೊಡುವ ನಂಬರ್) ಬೇಕು. ಅದಕ್ಕೆ ಫಾರಂ ಡಬ್ಲ್ಯೂ-7, ಅದನ್ನು ರಿಟರ್ನ್ ಮೇಲೆ ಇಟ್ಟು ಕಾಗದದಲ್ಲೇ ಕಳಿಸಬೇಕು. ಪಾಸ್‌ಪೋರ್ಟ್ ಮೂಲಪ್ರತಿಯನ್ನು ಅಂಚೆಗೆ ಹಾಕಲು ಮನಸ್ಸಾಗದಿದ್ದರೆ, ಐಆರ್‌ಎಸ್ ಮಾನ್ಯತೆಯ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ ಬಳಿ ಹೋಗಿ ದೃಢೀಕರಿಸಿಕೊಳ್ಳಿ. ನೋಟರಿ ಮುದ್ರೆಯ ಜೆರಾಕ್ಸ್ ನಡೆಯುವುದಿಲ್ಲ. ಅರ್ಜಿಗಳು ತಿರಸ್ಕಾರವಾಗುವುದಕ್ಕೆ ಇದೊಂದು ಕಾರಣ. ಮಕ್ಕಳ ಪಾಸ್‌ಪೋರ್ಟ್‌ನಲ್ಲಿ ಅಮೆರಿಕಕ್ಕೆ ಬಂದ ತಾರೀಖು ಇಲ್ಲದಿದ್ದರೆ ಅದೊಂದೇ ಸಾಲದು. ಆರು ವರ್ಷದೊಳಗಿನ ಮಗುವಿಗೆ ಇಲ್ಲಿನ ವೈದ್ಯರ ದಾಖಲೆ, ದೊಡ್ಡ ಮಕ್ಕಳಿಗೆ ಶಾಲೆಯ ದಾಖಲೆ ಜೊತೆಗಿಡಿ. ಐಟಿಐಎನ್ ಇರುವ ಮಗುವಿಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ, 500 ಡಾಲರ್‌ನ ಇನ್ನೊಂದು ಕ್ರೆಡಿಟ್ ಸಿಗಬಹುದು.

ಇನ್ನು ಊರಿನ ಹಣ. ರೆಸಿಡೆಂಟ್ ಆದ ವರ್ಷದಿಂದ ಭಾರತದ ಎಲ್ಲ ಖಾತೆಗಳ ಗರಿಷ್ಠ ಮೊತ್ತ ಕೂಡಿದಾಗ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ, ಸಲ್ಲಿಸಬೇಕು. ಡಾಲರ್‌ಗೆ 85 ರೂಪಾಯಿ ಎಂದುಕೊಂಡರೂ ಅದು ಬರೀ ಎಂಟೂವರೆ ಲಕ್ಷ. ಇದು ತೆರಿಗೆಯಲ್ಲ, ಮಾಹಿತಿ ಮಾತ್ರ. ರಿಟರ್ನ್ ಜೊತೆ ಹೋಗುವುದೂ ಇಲ್ಲ, ಫಿನ್‌ಸೆನ್ ಎಂಬ ಸರ್ಕಾರಿ ಸಂಸ್ಥೆಯ ತಾಣದಲ್ಲಿ ಬೇರೆಯಾಗಿ ಆನ್‌ಲೈನ್‌ನಲ್ಲಿ ತುಂಬಬೇಕು. ಉಳಿತಾಯ ಖಾತೆ, ಎಫ್‌ಡಿ, ಡಿಮ್ಯಾಟ್, ಊರಿನ ಸಹಕಾರಿ ಸೊಸೈಟಿಯ ಠೇವಣಿ, ಎಲ್ಲವನ್ನೂ ಪಟ್ಟಿಗೆ ತನ್ನಿ. ಅಪ್ಪನ ಖಾತೆಯಲ್ಲಿ ನಿಮ್ಮ ಹೆಸರೂ ಜಂಟಿಯಾಗಿದ್ದರೆ ದುಡ್ಡು ಪೂರ್ತಿ ಅಪ್ಪನದ್ದಾದರೂ ಅದನ್ನೂ ತೋರಿಸಬೇಕು. ತೋರಿಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ, ಮರೆತರೆ ದಂಡ ದೊಡ್ಡದು. ಖಾತೆ ಮೊತ್ತ ಇನ್ನೂ ಹೆಚ್ಚಿದ್ದರೆ ರಿಟರ್ನ್ ಜೊತೆ ಫಾರಂ 8938 ಕೂಡ ಬರುತ್ತದೆ: ಒಬ್ಬರೇ ಸಲ್ಲಿಸುವವರಿಗೆ ವರ್ಷದ ಕೊನೆಗೆ 50,000, ಜಂಟಿಯಾದರೆ 1,00,000 ಡಾಲರ್ ದಾಟಿದಾಗ.

ಆದಾಯದ ಬಗ್ಗೆ ಹೇಳುವುದಾದರೆ, 'ಭಾರತದಲ್ಲಿ ಟ್ಯಾಕ್ಸ್ ಫ್ರೀ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಎಫ್‌ಡಿಯ ಬಡ್ಡಿಗೆ ಅಲ್ಲಿ ವಿನಾಯಿತಿ, ಇಲ್ಲಿ ತೆರಿಗೆ. ನಮ್ಮ ಮಲೆನಾಡಿನವರಿಗೆ ಇದು ಹೆಚ್ಚು ತಟ್ಟುವ ವಿಷಯ: ಶಿರಸಿಯಲ್ಲೋ ತೀರ್ಥಹಳ್ಳಿಯಲ್ಲೋ ನಿಮ್ಮ ಹೆಸರಿನ ಅಡಿಕೆ ತೋಟದಿಂದ ಬಂದ ಆದಾಯ ಭಾರತದಲ್ಲಿ ಕೃಷಿ ಆದಾಯವೆಂದು ಬಿಟ್ಟುಹೋಗುತ್ತದೆ, ಅಮೆರಿಕದ ರಿಟರ್ನ್‌ನಲ್ಲಿ ಬಿಟ್ಟುಹೋಗುವುದಿಲ್ಲ. ಅಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಕ್ರೆಡಿಟ್ ಕೂಡ ಸಿಗದು. ಭಾರತದ ಮ್ಯೂಚುವಲ್ ಫಂಡ್‌ಗಳದ್ದು ಎಲ್ಲಕ್ಕಿಂತ ತಲೆನೋವು. ಅವನ್ನು ಪಿಫಿಕ್ (ವಿದೇಶಿ ಹೂಡಿಕೆ ಕಂಪನಿ) ಎಂಬ ವರ್ಗಕ್ಕೆ ಸೇರಿಸಿ, ಒಂದೊಂದು ಫಂಡ್‌ಗೂ ಒಂದೊಂದು ಫಾರಂ 8621 ಕೇಳುತ್ತಾರೆ, ಮಾರಿದಾಗ ತೆರಿಗೆಯೂ ಭಾರಿ. ಐದಾರು ಎಸ್‌ಐಪಿ ಇರುವವರು ಅಮೆರಿಕಕ್ಕೆ ಹೊರಡುವ ಮುಂಚೆಯೇ ಅವುಗಳ ಬಗ್ಗೆ ತೀರ್ಮಾನಿಸಿ. ಮೇಲೆ ಹೇಳಿದ ಇಡೀ ವರ್ಷದ ಜಂಟಿ ಆಯ್ಕೆ ಮಾಡುವ ಯೋಚನೆ ಇದ್ದರೆ ಬರುವುದಕ್ಕೆ ಹಿಂದಿನ ಡಿಸೆಂಬರ್‌ನಲ್ಲೇ ಮಾರುವುದು ಕ್ಷೇಮ.

ಭಾರತದಲ್ಲಿ ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಕೆಲಸಕ್ಕೆಂದು ಹೊರಡುವ ಭಾರತೀಯರು ಆ ವರ್ಷ 182 ದಿನ ಅಲ್ಲಿದ್ದರೆ ಅಲ್ಲಿನ ರೆಸಿಡೆಂಟ್. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ತುಂಬುತ್ತದೆ. ಎಚ್-1ಬಿಯವರು ಕೆಲಸ ಶುರುವಾಗುವ ಹತ್ತು ದಿನ ಮುಂಚೆ ಬರಬಹುದು, ಹಾಗಾಗಿ ಸೆಪ್ಟೆಂಬರ್ 28ರೊಳಗಿನ ಟಿಕೆಟ್ ತೆಗೆಯುವುದು ಸಾಧ್ಯ. ಎರಡು ದಿನ ತಡವಾಗಿ ಹೊರಟವರು ಮಾರ್ಚ್‌ವರೆಗಿನ ಅಮೆರಿಕದ ಸಂಬಳವನ್ನು ಭಾರತದ ರಿಟರ್ನ್‌ನಲ್ಲೂ ತೋರಿಸಿ, ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಕೇಳಬೇಕಾಗುತ್ತದೆ.

ರಾಜ್ಯದ ರಿಟರ್ನ್ ಬೇರೆ. ಟೆಕ್ಸಾಸ್, ಫ್ಲೋರಿಡಾದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷದ ನಡುವೆ ಬಂದವರು ರಾಜ್ಯದ ಫಾರಂ 540ಎನ್‌ಆರ್ ತುಂಬಬೇಕು.

ಕೊನೆಗೆ ಹೆಸರು. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿಸಿರುತ್ತೇವೆ, ಕೆಲವರಿಗೆ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ರಿಟರ್ನ್‌ನಲ್ಲಿರುವ ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರ ಸೋಶಿಯಲ್ ಸೆಕ್ಯೂರಿಟಿ ದಾಖಲೆಯ ಜೊತೆ ಹೊಂದದಿದ್ದರೆ ಇ-ಫೈಲ್ ಅಲ್ಲೇ ವಾಪಸ್. ಪಾಸ್‌ಪೋರ್ಟ್ ನೋಡಿ ಬರೆಯಬೇಡಿ, ಎಸ್‌ಎಸ್‌ಎನ್ ಕಾರ್ಡ್ ನೋಡಿ ಬರೆಯಿರಿ. ಇ-ಫೈಲ್ ಮಾಡುವಾಗ ಹಿಂದಿನ ವರ್ಷದ ಎಜಿಐ (ಕೆಲವು ಹೊಂದಾಣಿಕೆಗಳ ನಂತರದ ಒಟ್ಟು ಆದಾಯ) ಕೇಳುತ್ತದೆ, ಮೊದಲ ಬಾರಿಯವರು ಅಲ್ಲಿ 0 ಹಾಕಬೇಕು. ಮುಂದಿನ ವರ್ಷ ಅದೇ ಜಾಗದಲ್ಲಿ ಈ ವರ್ಷದ ಅಂಕಿ ಬೇಕಾಗುತ್ತದೆ, ಕಳಿಸಿದ ರಿಟರ್ನ್‌ನ ಪೂರ್ತಿ ಪ್ರತಿ ತೆಗೆದಿಟ್ಟುಕೊಂಡಿರಿ.