ಐಡ್ಲಿಂಗ್‌ನಲ್ಲೇ ತಿರುಗುತ್ತಿದ್ದ ಚಕ್ರ

ಸತತ ಮೂರು ಭಾನುವಾರ ನನ್ನ ರಿಮೋಟ್ ಕಂಟ್ರೋಲ್ (ಆರ್‌ಸಿ) ಆಟದ ನೈಟ್ರೋ ಟ್ರಕ್ಕು ಒಂದೇ ಥರ ಕೈಕೊಟ್ಟಿತು. ಸ್ಟಾರ್ಟ್ ಆಗುತ್ತೆ, ಚೆನ್ನಾಗಿ ಓಡುತ್ತೆ, ದೂರ ಹೋಗಿ ಬ್ರೇಕ್ ಹಿಡಿದ ಕೂಡಲೇ ಆಫ್. ಮೈಸೂರಿನ ನಮ್ಮ ಬಡಾವಣೆ ಆಚೆಯ ಖಾಲಿ ಸೈಟುಗಳಲ್ಲಿ ಓಡಿಹೋಗಿ ಎತ್ತಿಕೊಂಡು ಬರೋದು, ಪ್ಲಗ್ಗಿಗೆ ಅದನ್ನು ಕಾಯಿಸುವ ಇಗ್ನೈಟರ್ ಸಿಕ್ಕಿಸೋದು, ಹಗ್ಗ ಎಳೆಯೋದು. ತೋಳು ಬಿದ್ದುಹೋಗುತ್ತಿತ್ತು.

ಎಂಜಿನ್ 2.5 ಸಿಸಿ, ಟೂ ಸ್ಟ್ರೋಕ್. ಹಾಕೋದು ಪೆಟ್ರೋಲಲ್ಲ, ಮೆಥನಾಲ್, ಅದರಲ್ಲಿ ಶೇ. 20 ನೈಟ್ರೋಮೀಥೇನ್, ಜೊತೆಗೆ ಎಣ್ಣೆ. ಇದರಲ್ಲಿ ಸ್ಪಾರ್ಕ್ ಇರುವುದಿಲ್ಲ. ಗ್ಲೋ ಪ್ಲಗ್‌ನ ಪ್ಲಾಟಿನಂ ಸುರುಳಿಯನ್ನು ಶುರುವಿಗೆ ಒಂದೂವರೆ ವೋಲ್ಟ್ ಬ್ಯಾಟರಿಯಿಂದ ಕಾಯಿಸಿದರೆ ಸಾಕು, ಆಮೇಲೆ ಒಳಗಿನ ಬಿಸಿಯೂ ಮೆಥನಾಲ್ ಜೊತೆಗಿನ ರಾಸಾಯನಿಕ ಕ್ರಿಯೆಯೂ ಸೇರಿ ಅದನ್ನು ಕೆಂಪಗೆ ಇಡುತ್ತವೆ. ಹಾಗಾಗಿ ಮೊದಲು ಪ್ಲಗ್ ಬದಲಿಸಿದೆ. ಗಾಳಿ ಸೋರುತ್ತಿದೆಯಾ ಅಂತ ಟ್ಯಾಂಕನ್ನು ಬಕೆಟ್ ನೀರಲ್ಲಿ ಮುಳುಗಿಸಿ ಪ್ರೆಷರ್ ಪೈಪಿನಿಂದ ಊದಿ ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ಎಂಜಿನ್ ಹಿಂದಿನ ಮುಚ್ಚಳದ (ಬ್ಯಾಕ್‌ಪ್ಲೇಟ್) ರಬ್ಬರ್ ಓ-ರಿಂಗೂ ಸರಿಯಾಗಿತ್ತು.

ಉಳಿದದ್ದು ಕಾರ್ಬುರೇಟರ್ ಅಂತ ಸ್ಕ್ರೂಡ್ರೈವರ್ ಹಿಡಿದೆ. ಅಲ್ಲೇ ತಪ್ಪಿದ್ದು. ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಬಿಟ್ಟಾಗ, ಎಂಜಿನ್ ಉಳಿಯುತ್ತಿಲ್ಲವಲ್ಲ, ಕಮ್ಮಿ ವೇಗದ ಇಂಧನ ನಿಯಂತ್ರಿಸುವ ಲೋ ಸ್ಪೀಡ್ ನೀಡಲ್ ಬಿಗಿ ಮಾಡಿ ಇಂಧನ ಕಮ್ಮಿ ಮಾಡಿದೆ, ಸ್ಕ್ರೂ ತಿರುಗಿಸಿ ಐಡಲ್ ವೇಗ ಏರಿಸಿದೆ. ಸ್ವಲ್ಪ ಹೊತ್ತು ಓಡಿತು. ಮತ್ತೆ ಆಫ್. ಮತ್ತೆ ಏರಿಸಿದೆ. ಮೂರನೇ ಭಾನುವಾರ ಹೆಡ್ ಮೇಲೆ ಒಂದು ಹನಿ ನೀರು ಬಿಟ್ಟರೆ ಚುಂಯ್ ಅಂತ ತಕ್ಷಣ ಆವಿ. ಮೂರ್ನಾಲ್ಕು ಸೆಕೆಂಡಾದರೂ ಅದು ಕುದಿಯಬೇಕಿತ್ತು. ಹೊಸ ಪ್ಲಗ್ಗಿನ ತಂತಿಯೂ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಇಂಧನ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ. ಪಿಸ್ಟನ್ನು, ಅದು ಓಡಾಡುವ ಸ್ಲೀವು ಸವೆದುಹೋಗೋದು ಹೀಗೇ. ಭಯವಾಯ್ತು, ನಿಲ್ಲಿಸಿದೆ.

ಮುಂದಿನ ವಾರ ಮಂಡ್ಯಕ್ಕೆ ಹೋಗಬೇಕಿತ್ತು, ಟ್ರಕ್ಕನ್ನೂ ತಗೊಂಡು ಹೋದೆ. ನಮ್ಮ ಸೋದರಮಾವನದು ಅಲ್ಲಿ ಸಣ್ಣ ಗ್ಯಾರೇಜು. ಅವರ ಹತ್ತಿರ ಬರೋದರಲ್ಲಿ ಅರ್ಧ, ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಟಿವಿಎಸ್ ಎಕ್ಸ್‌ಎಲ್‌ಗಳು. ಇಂಥ ಟ್ರಕ್ಕನ್ನು ಮಾವ ಅದಕ್ಕೆ ಮೊದಲು ನೋಡಿರಲಿಲ್ಲ. ಸ್ಟಾರ್ಟ್ ಮಾಡಿದೆ. ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡರು.

“ಎತ್ತಿ ಹಿಡ್ಕೊಳ್ಳಲಾ ಮಗಾ.” ಎತ್ತಿದೆ. “ಸ್ಲೋನಲ್ಲೇ ಚಕ್ರ ಸುತ್ತುತಾವಲ್ಲ! ಈಗ ಮೆತ್ತಗೆ ನೆಲಕ್ಕೆ ತಾಗಿಸು.” ತಾಗಿಸಿದೆ. ಟ್ರಕ್ಕು ಮುಂದಕ್ಕೆ ತಳ್ಳಿತು, ಎಂಜಿನ್ ಸದ್ದು ಇಳೀತು. “ಕ್ಲಚ್ ಕಚ್ಕಂಡದೆ ಕಣ್ಲಾ. ಕಾರ್ಬರೇಟ್ರು ಮುಟ್ಬೇಡ.”

ಎಕ್ಸ್‌ಎಲ್‌ನಲ್ಲೂ ಇದರಲ್ಲೂ ಕ್ಲಚ್ಚಿನ ತತ್ವ ಒಂದೇ. ಕ್ರ್ಯಾಂಕ್ ಜೊತೆ ತಿರುಗುವ ಶೂಗಳನ್ನು ಸ್ಪ್ರಿಂಗು ಒಳಕ್ಕೆ ಹಿಡಿದಿರುತ್ತೆ; ವೇಗ ಹೆಚ್ಚಿದಾಗ ಅವು ಹೊರಕ್ಕೆ ಬಿಚ್ಚಿಕೊಂಡು ಸುತ್ತಲಿನ ಬಟ್ಟಲಿನಂಥ ಕ್ಲಚ್ ಬೆಲ್ಲಿಗೆ ಒತ್ತುತ್ತವೆ, ಬೆಲ್ಲು ಗೇರನ್ನು ತಿರುಗಿಸುತ್ತೆ. ಐಡ್ಲಿಂಗ್‌ನಲ್ಲಿ ಬೆಲ್ಲಿನ ಬೇರಿಂಗು ಸಲೀಸಾಗಿ ತಿರುಗಬೇಕು, ಇಲ್ಲದಿದ್ದರೆ ಶೂ ಮುಟ್ಟದಿದ್ದರೂ ಶಾಫ್ಟು ಬೆಲ್ಲನ್ನು ಎಳೆಯುತ್ತೆ. ಆ ಸ್ಥಿತಿಯಲ್ಲಿ ಬ್ರೇಕ್ ಹಿಡಿದರೆ ನಿಲ್ಲೋದು ಚಕ್ರ ಮಾತ್ರ ಅಲ್ಲ, ಎಂಜಿನ್ನೂ. ನಾನು ಐಡಲ್ ಏರಿಸಿದಷ್ಟೂ ಶೂಗಳೂ ಬೆಲ್ಲಿಗೆ ಹತ್ತಿರವಾಗುತ್ತಾ ಹೋಗಿವೆ.

ಬಿಚ್ಚಿದೆವು. ಬೆಲ್ಲಿನ ಹೊರಗಿನ ಬೇರಿಂಗ್ ಪರವಾಗಿಲ್ಲ. ಒಳಗಿನದು ಬೆರಳಲ್ಲಿ ತಿರುಗಿಸಿದರೆ ಮರಳು ಜಗಿದ ಹಾಗೆ, ಒಂದು ಜಾಗದಲ್ಲಿ ಪೂರ್ತಿ ಹಿಡಿದುಕೊಳ್ಳುತ್ತಿತ್ತು. ಬೆಲ್ಲು ಕಾದು ನೀಲಿ ತಿರುಗಿದೆ, ಶೂಗಳ ಮುಖ ಗಾಜಿನಂತೆ ನುಣುಪು, ಒಂದು ಸ್ಪ್ರಿಂಗ್ ತುಂಡಾಗಿದೆ. ಸ್ಪ್ರಿಂಗ್ ಬದಲಿಸೋಕೆ ಫ್ಲೈವೀಲ್ ನಟ್ಟು ಬಿಚ್ಚಬೇಕು, ಎಂಜಿನ್ ಸುತ್ತದಂತೆ ತಡೀಬೇಕು. ನಾನು ಎಕ್ಸಾಸ್ಟ್ ರಂಧ್ರಕ್ಕೆ ಸ್ಕ್ರೂಡ್ರೈವರ್ ತೂರಿಸಲು ಹೋದೆ. ಮಾವ ಕೈ ಹಿಡಿದರು. ಪಿಸ್ಟನ್ ಅಂಚಿಗೆ ಒಂದು ಗೀರು ಬಿದ್ದರೂ ಕಂಪ್ರೆಷನ್ ಹೋಯ್ತು ಅಂತ ಲೆಕ್ಕ. ಫ್ಲೈವೀಲನ್ನೇ ಹಳೇ ಟ್ಯೂಬ್ ರಬ್ಬರಿನಲ್ಲಿ ಸುತ್ತಿ, ಇಕ್ಕಳದಲ್ಲಿ ಹಿಡಿದು ಬಿಚ್ಚಿದರು.

ಬೇರಿಂಗ್ ಅಳತೆ 5–10–4 ಮಿ.ಮೀ., ನಂಬರ್ ಎಂಆರ್ 105 ಝಡ್‌ಝಡ್. ಆರ್‌ಸಿ ಅಂಗಡಿಯೇ ಆಗಬೇಕೆಂದಿಲ್ಲ, ಬೇರಿಂಗ್ ಮಾರುವವರ ಹತ್ತಿರ ನಂಬರ್ ಹೇಳಿ ಕೇಳಿ. ಎರಡನ್ನೂ ಒಟ್ಟಿಗೇ ಬದಲಿಸಿದೆ. ಹೊಸ ಸ್ಪ್ರಿಂಗ್ ಹಾಕಿದೆ, ಶೂಗಳನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಎಣ್ಣೆ ಜಿಡ್ಡು ತೆಗೆದೆ. ಬೆಲ್ಲು ಕೂರಿಸಿದ ಮೇಲೆ ಹಿಂದೆ ಮುಂದೆ ಕೂದಲೆಳೆಯಷ್ಟು ಆಡಬೇಕು. ಪೂರ್ತಿ ಬಿಗಿಯಾದರೆ ಅದೇ ಕಾಯಿಲೆ ವಾಪಸ್. ನನಗೆ 0.2 ಮಿ.ಮೀ. ವಾಷರ್ ಒಂದು ತೆಗೆಯಬೇಕಾಯಿತು. ಗೇರುಗಳ ನಡುವೆ ಕೊಂಚ ಸಂದು ಉಳಿಯಲಿ ಅಂತ ನೋಟ್‌ಬುಕ್ ಹಾಳೆಯ ಚೂರಿಟ್ಟು ಎಂಜಿನ್ ಬಿಗಿದು, ಚೂರು ಎಳೆದುಕೊಂಡೆ.

ನೀಡಲ್‌ಗಳನ್ನು ಕಂಪನಿ ಕೊಟ್ಟ ಸೆಟ್ಟಿಂಗಿಗೆ ತಂದೆ, ಆಮೇಲೆ ಒಂದು ಸಲಕ್ಕೆ ಗಡಿಯಾರದ ಒಂದು ಗಂಟೆಯಷ್ಟು ಮಾತ್ರ ತಿರುಗಿಸಿದೆ. ಐಡ್ಲಿಂಗ್‌ನಲ್ಲಿ ಇಂಧನದ ಪೈಪು ಹಿಚುಕಿದರೆ ಎರಡು ಮೂರು ಸೆಕೆಂಡ್ ಓಡಿ, ಕೊಂಚ ವೇಗ ಏರಿ ನಿಂತಿತು. ಅಂದರೆ ಲೋ ನೀಡಲ್ ಸರಿ. ಮತ್ತೆ ಸ್ಟಾರ್ಟ್ ಮಾಡಿ ನಾಲ್ಕೈದು ಸುತ್ತು ಹೊಡೆಸಿದೆ. ಹೆಡ್ ಬಿಸಿ 110 ಡಿಗ್ರಿ ದಾಟಲಿಲ್ಲ.

ಗ್ಯಾರೇಜಿನ ಮುಂದೆ ಬ್ರೇಕ್ ಹಿಡಿದೆ. ಟ್ರಕ್ಕು ನಿಂತಿತು, ಎಂಜಿನ್ ಸಣ್ಣಗೆ ಗುನುಗುತ್ತಾ ಉಳಿಯಿತು. ಎತ್ತಿ ಹಿಡಿದೆ. ನಾಲ್ಕು ಚಕ್ರವೂ ಅಲ್ಲಾಡಲಿಲ್ಲ. ಮಾವ ಒಮ್ಮೆ ಬಗ್ಗಿ ನೋಡಿ, ಕೈ ಒರೆಸಿಕೊಂಡು ಕಾಯುತ್ತಿದ್ದ ಎಕ್ಸ್‌ಎಲ್ ಕಡೆಗೆ ಹೋದರು.