ಚೆಂಡು ಕೊಟ್ಟವರು

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಬರೆದ ಒಂದು ಪುಟದ ಪ್ರಬಂಧದ ಅಡಿಯಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ‘ಚೆಂಡು ಕೊಟ್ಟವರು ಎಲ್ಲಿ?’ ಮಳೆಯಿಂದ ಆಟದ ಅವಧಿ ನಿಂತುಹೋದ ಒಂದು ಮಧ್ಯಾಹ್ನ ಅವರು, ಯಾರಿಂದಲೋ ತರಿಸಿಕೊಂಡಿದ್ದ ವಿಡಿಯೊ ಕ್ಯಾಸೆಟ್ ಹಾಕಿ, 1995ರ ರಗ್ಬಿ ವಿಶ್ವಕಪ್‌ನ ಸೆಮಿಫೈನಲ್ ಪಂದ್ಯವನ್ನು ನಮಗೆ ತೋರಿಸಿದ್ದರು. ಆಟದ ನಿಯಮವೇ ಗೊತ್ತಿಲ್ಲದ ನಾವೆಲ್ಲ, ಅಂಕ ಏಕೆ ಬಂತೆಂದು ತಿಳಿಯದೆಯೇ, ಕಪ್ಪು ಅಂಗಿಯ 11ನೇ ನಂಬರಿನ ಆಟಗಾರನಿಗಾಗಿ ಬೆಂಚು ಬಡಿದು ಕೂಗಿದ್ದೆವು. ನೋಡಿದ್ದನ್ನು ಮರುದಿನ ಬರೆದು ತರಬೇಕೆಂದಾಗ ನಾನು ಸಾಲುಸಾಲಿಗೂ ಜೋನಾ ಲೋಮು ಎಂಬ ಹೆಸರನ್ನೇ ಬರೆದಿದ್ದೆ. ಅದೇ ತಂಡದ ಉಳಿದ ಹದಿನಾಲ್ಕು ಮಂದಿಯಲ್ಲಿ ಒಬ್ಬರ ಹೆಸರೂ ಅದರಲ್ಲಿರಲಿಲ್ಲ.

ಆ ಪ್ರಶ್ನೆಗೆ ಕಾರಣವನ್ನು ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದರು. ಅವರ ಚಿತ್ರಗಳು ನೋಡುವಂತಿರಲಿಲ್ಲ, ಆದರೆ ವಿವರಣೆ ಇಂದಿಗೂ ಮರೆತಿಲ್ಲ. ರಗ್ಬಿ ಯೂನಿಯನ್ ಆಟದಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಾಸ್ ಕೊಡುವುದಿದ್ದರೆ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಕೊಡಬೇಕು. ಮುಂದೆ ಸಾಗಬೇಕಾದರೆ ಚೆಂಡನ್ನು ಹಿಡಿದು ಓಡಬೇಕು, ಅಥವಾ ಒದೆಯಬೇಕು. ಎಂಟು ಜನ ಫಾರ್ವರ್ಡ್‌ಗಳು ಸ್ಕ್ರಮ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಿ ಗೆದ್ದ ಚೆಂಡು, ಕೈಯಿಂದ ಕೈಗೆ ದಾಟಿ, ಸಾಲಿನ ತುದಿಯಲ್ಲಿ ಕಾದು ನಿಂತಿರುವ ವಿಂಗ್ ಆಟಗಾರನನ್ನು ಕೊನೆಗೆ ತಲುಪುತ್ತದೆ. ಎದುರಾಳಿಯ ಗೆರೆ ದಾಟಿ ಅವನು ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. ಜನ ನೋಡುವುದು ಆ ಕೊನೆಯ ಕ್ಷಣವನ್ನು ಮಾತ್ರ.

ವಿಚಿತ್ರವೆಂದರೆ ಲೋಮು ಸ್ವತಃ ಆ ತಳ್ಳುವವರ ಗುಂಪಿನಿಂದಲೇ ಬಂದವರು. 1975ರ ಮೇ 12ರಂದು ನ್ಯೂಜಿಲೆಂಡಿನಲ್ಲಿ ಟೋಂಗಾ ಮೂಲದ ದಂಪತಿಗೆ ಹುಟ್ಟಿದ ಅವರು ಬಾಲ್ಯದ ಕೆಲವು ವರ್ಷಗಳನ್ನು ಟೋಂಗಾದಲ್ಲಿಯೇ ಕಳೆದು, ದಕ್ಷಿಣ ಆಕ್ಲೆಂಡ್‌ನಲ್ಲಿ ಬೆಳೆದು, ವೆಸ್ಲಿ ಕಾಲೇಜು ಎಂಬ ವಸತಿ ಶಾಲೆಯಲ್ಲಿ ಫಾರ್ವರ್ಡ್ ಆಗಿ ಆಡುತ್ತಿದ್ದರು. 1.96 ಮೀಟರ್ ಎತ್ತರದ, 120 ಕಿಲೊ ಸಮೀಪದ ತೂಕದ ಹುಡುಗನಿಗೆ ಅದು ಸಹಜವಾದ ಜಾಗವೇ. ಆದರೆ ಅಷ್ಟು ದೊಡ್ಡ ಮೈಯನ್ನು ಓಟಗಾರನ ವೇಗದಲ್ಲಿ ಒಯ್ಯಬಲ್ಲವನನ್ನು ಸ್ಕ್ರಮ್‌ನೊಳಗೆ ಬಚ್ಚಿಡುವುದೇಕೆ ಎಂದುಕೊಂಡು ರಾಷ್ಟ್ರೀಯ ತಂಡದ ತರಬೇತುದಾರ ಲಾರಿ ಮೇನ್ಸ್ ಅವರನ್ನು ವಿಂಗ್‌ಗೆ ತಂದು ನಿಲ್ಲಿಸಿದರು. 1994ರ ಜೂನ್ 26ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಫ್ರಾನ್ಸ್ ವಿರುದ್ಧ ಮೊದಲ ಟೆಸ್ಟ್ (ರಗ್ಬಿಯಲ್ಲಿ ಎರಡು ದೇಶಗಳ ತಂಡಗಳ ನಡುವಿನ ಪಂದ್ಯ) ಆಡಿದಾಗ ಅವರ ವಯಸ್ಸು 19 ವರ್ಷ 45 ದಿನ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ತಂಡದ ಪರವಾಗಿ ಟೆಸ್ಟ್ ಆಡಿದವರು ಆವರೆಗೆ ಇರಲಿಲ್ಲ. ಆ ಸರಣಿಯ ಎರಡೂ ಪಂದ್ಯಗಳಲ್ಲಿ ನ್ಯೂಜಿಲೆಂಡ್ ಸೋತಿತು. ವಿಂಗ್ ಆಟಗಾರ ಯಾವಾಗ ಎಲ್ಲಿ ನಿಲ್ಲಬೇಕೆಂಬ ಪಾಠವನ್ನು ಅವರು ಅಂತರರಾಷ್ಟ್ರೀಯ ಪಂದ್ಯದಲ್ಲಿಯೇ ಕಲಿಯಬೇಕಾಗಿ ಬಂದದ್ದು ಅವರ ತಪ್ಪೇನೂ ಅಲ್ಲ ಎಂಬುದು ನನ್ನ ಅನಿಸಿಕೆ.

ಮರುವರ್ಷ ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಅವರು ಒಟ್ಟು ಏಳು ಟ್ರೈ ಗಳಿಸಿದರು. ಅವುಗಳಲ್ಲಿ ನಾಲ್ಕು ನಾವು ನೋಡಿದ ಆ ಒಂದೇ ಪಂದ್ಯದಲ್ಲಿ, ಜೂನ್ 18ರಂದು ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಬಂದವು; ನ್ಯೂಜಿಲೆಂಡ್ 45–29ರಿಂದ ಗೆದ್ದಿತು. ಮೊದಲ ಟ್ರೈ ಗಳಿಸುವಾಗ ಇಂಗ್ಲೆಂಡಿನ ಮೈಕ್ ಕ್ಯಾಟ್ ಅವರನ್ನು ತುಳಿದುಕೊಂಡೇ ಓಡಿದ ದೃಶ್ಯ ಜಗತ್ತಿನಾದ್ಯಂತ ಹಬ್ಬಿತು. ಆದರೆ ಆರು ದಿನಗಳ ಬಳಿಕ ಜೊಹಾನೆಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ನಡೆದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಅವರಿಗೆ ಓಡಲು ಜಾಗವನ್ನೇ ಬಿಡಲಿಲ್ಲ. ಒಬ್ಬ ಹಿಡಿಯುವಷ್ಟರಲ್ಲಿ ಇನ್ನಿಬ್ಬರು ಬಂದು ಮೇಲೆ ಬೀಳುತ್ತಿದ್ದರು. ಹೆಚ್ಚುವರಿ ಅವಧಿಯಲ್ಲಿ ಅವರ ಜೋಯೆಲ್ ಸ್ಟ್ರಾನ್ಸ್‌ಕಿ ಒದ್ದ ಡ್ರಾಪ್ ಗೋಲ್‌ನಿಂದ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುತ್ತಲೇ ಕಂಬಗಳ ನಡುವೆ ಒದೆಯುವುದು) ದಕ್ಷಿಣ ಆಫ್ರಿಕಾ 15–12ರಿಂದ ಗೆದ್ದಿತು. ಟೆಸ್ಟ್ ಪಂದ್ಯಗಳಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಲೋಮು ಕಡೆಯವರೆಗೂ ಒಂದು ಟ್ರೈ ಕೂಡ ಗಳಿಸಲಿಲ್ಲ. ಅವರನ್ನು ತಡೆಯಲಾಗದ ಶಕ್ತಿಯೆಂದು ಹೊಗಳುವವರು ಈ ಸಂಗತಿಯನ್ನು ಹೇಳದೆ ಬಿಡುವುದನ್ನು ನಾನು ಎಷ್ಟೋ ಸಲ ಗಮನಿಸಿದ್ದೇನೆ.

ಅಲ್ಲಿಯವರೆಗೆ ರಗ್ಬಿ ಯೂನಿಯನ್ ಹವ್ಯಾಸಿಗಳ ಆಟವಾಗಿತ್ತು. ದೇಶಕ್ಕಾಗಿ ಆಡುವವರೂ ಹೊಟ್ಟೆಪಾಡಿಗೆ ಬೇರೆ ಉದ್ಯೋಗ ನೋಡಿಕೊಳ್ಳಬೇಕಿತ್ತು. ಫೈನಲ್‌ನ ಹಿಂದಿನ ದಿನವೇ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ಸಂಸ್ಥೆಗಳು ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ ಜೊತೆಗೆ ಹತ್ತು ವರ್ಷಗಳ ಅವಧಿಗೆ 55.5 ಕೋಟಿ ಅಮೆರಿಕನ್ ಡಾಲರ್‌ಗಳ ಪ್ರಸಾರ ಒಪ್ಪಂದವನ್ನು ಪ್ರಕಟಿಸಿದ್ದವು. ಆಗಸ್ಟ್ 26ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಮಂಡಳಿಯು ಆಟವನ್ನು ವೃತ್ತಿಪರರಿಗೆ ತೆರೆಯಿತು. ಆ ಹೊಸ ವೃತ್ತಿಯ ಮೊದಲ ದೊಡ್ಡ ಮುಖ ಲೋಮು ಅವರದೇ ಆಯಿತು, ಆಗ ಅವರಿಗೆ ಇಪ್ಪತ್ತು ವರ್ಷ.

ಅದೇ ವರ್ಷದ ಕೊನೆಗೆ ಅವರಿಗೆ ನೆಫ್ರೋಟಿಕ್ ಸಿಂಡ್ರೋಮ್ ಇರುವುದು ಪತ್ತೆಯಾಯಿತು. ಮೂತ್ರಪಿಂಡದ ಸೋಸುವ ಪದರ ಹಾಳಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದೊಡನೆ ಸೋರಿಹೋಗಿ, ಮೈ ಬಾತುಕೊಂಡು ಆಯಾಸ ಹೆಚ್ಚುವ ಕಾಯಿಲೆ ಇದು. ದೇಹವನ್ನೇ ಬಂಡವಾಳ ಮಾಡಿಕೊಂಡ ವೃತ್ತಿಯಲ್ಲಿ, ಆ ವೃತ್ತಿ ಶುರುವಾದ ವರ್ಷವೇ ಬಂಡವಾಳ ಸೋರತೊಡಗಿತ್ತು. ಶಾಲೆಯಲ್ಲಿದ್ದಾಗ ನನಗೆ ಇದು ತಿಳಿದಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಪತ್ರಿಕೆಯೊಂದರಲ್ಲಿ ಓದಿದಾಗ, ಬೆಂಚು ಬಡಿದ ಆ ಮಧ್ಯಾಹ್ನ ನೆನಪಾಗಿ ಸ್ವಲ್ಪ ನಾಚಿಕೆಯೇ ಆಯಿತು.

ಚಿಕಿತ್ಸೆಗಾಗಿ ಬಿಡುವು ಪಡೆದು ಮರಳಿದ ಅವರು 1998ರಲ್ಲಿ ಕ್ವಾಲಾಲಂಪುರದ ಕಾಮನ್‌ವೆಲ್ತ್ ಕ್ರೀಡಾಕೂಟದ ಸೆವೆನ್ಸ್ (ತಂಡಕ್ಕೆ ಏಳೇ ಜನರ) ರಗ್ಬಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಗಳಿಸಿದರು. ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ ಅವರ ಎರಡು ಟ್ರೈಗಳಿದ್ದೂ ನ್ಯೂಜಿಲೆಂಡ್ 43–31ರಿಂದ ಸೋತಿತು. ಎರಡು ವಿಶ್ವಕಪ್‌ಗಳಿಂದ ಬಂದ ಆ 15 ಟ್ರೈಗಳ ದಾಖಲೆಯನ್ನು ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನಾ ಸರಿಗಟ್ಟಿದ್ದು 2015ರಲ್ಲಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕ್ಷಣ 2000ದ ಜುಲೈನಲ್ಲಿ ಸಿಡ್ನಿಯಲ್ಲಿ ಬಂತು. 1,09,874 ಪ್ರೇಕ್ಷಕರ ಎದುರು ಆಸ್ಟ್ರೇಲಿಯಾ 35–34ರಿಂದ ಮುಂದಿದ್ದಾಗ, ಕೊನೆಯ ನಿಮಿಷಗಳಲ್ಲಿ ಟೇನ್ ರ‍್ಯಾಂಡೆಲ್ ಕೊಟ್ಟ ಪಾಸ್ ಹಿಡಿದು, ಅಂಚಿನ ಗೆರೆಯ ಒಳಗೆ ಹೇಗೋ ಕಾಲೂರಿ ಓಡಿ ಅವರು ಗೆಲುವಿನ ಟ್ರೈ ಗಳಿಸಿದರು. ಆ ವೇಳೆಗೆ ಮೇಷ್ಟ್ರ ಪ್ರಶ್ನೆ ನನ್ನ ಕಣ್ಣಿಗೇ ಅಂಟಿಕೊಂಡಿದ್ದುದರಿಂದ ರ‍್ಯಾಂಡೆಲ್ ಹೆಸರನ್ನು ತಪ್ಪದೆ ಗುರುತು ಹಾಕಿಕೊಂಡೆ.

2002ರ ನವೆಂಬರ್‌ನಲ್ಲಿ ವೇಲ್ಸ್ ವಿರುದ್ಧ ಆಡಿದ ಟೆಸ್ಟೇ ಕೊನೆಯದಾಯಿತು: ಒಟ್ಟು 63 ಟೆಸ್ಟ್, 37 ಟ್ರೈ. ಮರುವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್. 2004ರ ಜುಲೈನಲ್ಲಿ ವೆಲ್ಲಿಂಗ್ಟನ್‌ನ ರೇಡಿಯೊ ನಿರೂಪಕ ಗ್ರಾಂಟ್ ಕೆರೆಯಾಮಾ ತಮ್ಮ ಒಂದು ಮೂತ್ರಪಿಂಡವನ್ನು ಅವರಿಗೆ ಕೊಟ್ಟರು. ಕಸಿಯಾದ ಅಂಗದೊಂದಿಗೆ, ಟ್ಯಾಕಲ್‌ಗಳ ಪೆಟ್ಟು ತಿನ್ನಬೇಕಾದ ಈ ಆಟಕ್ಕೆ ಮರಳುವುದು ಸರಿಯೇ ಎಂದು ನಾನು ಅನುಮಾನಿಸಿದ್ದೆ, ಈಗಲೂ ಅನುಮಾನವಿದೆ. ಆದರೂ ಅವರು 2005ರ ಡಿಸೆಂಬರ್‌ನಲ್ಲಿ ವೇಲ್ಸ್‌ನ ಕಾರ್ಡಿಫ್ ಬ್ಲೂಸ್ ತಂಡದ ಪರ ಕಣಕ್ಕಿಳಿದರು, ಬಳಿಕ ನ್ಯೂಜಿಲೆಂಡಿನ ನಾರ್ತ್ ಹಾರ್ಬರ್ ತಂಡದ ಪರವೂ ಆಡಿದರು. ರಾಷ್ಟ್ರೀಯ ತಂಡದ ಬಾಗಿಲು ಮತ್ತೆ ತೆರೆಯಲಿಲ್ಲ. 2011ರಲ್ಲಿ ಆ ಮೂತ್ರಪಿಂಡವೂ ಕೈಕೊಟ್ಟಿತು. 2015ರ ನವೆಂಬರ್ 18ರಂದು, 40ನೇ ವಯಸ್ಸಿನಲ್ಲಿ, ಆಕ್ಲೆಂಡ್‌ನಲ್ಲಿ ಅವರು ತೀರಿಕೊಂಡರು.

ಸುದ್ದಿ ತಿಳಿದ ರಾತ್ರಿ, ಇಂಗ್ಲೆಂಡ್ ವಿರುದ್ಧದ ಆ ಮೊದಲ ಟ್ರೈಯನ್ನು ಹುಡುಕಿ ಮತ್ತೆ ನೋಡಿದೆ. ಈ ಸಲ ಲೋಮು ಅವರನ್ನು ಬಿಟ್ಟು ಚೆಂಡನ್ನೇ ಗಮನಿಸಿದೆ. ಅಷ್ಟು ಹೆಸರಾದ ಆ ಓಟಕ್ಕೆ ಮೊದಲು ಬಂದ ಪಾಸ್ ಸರಿಯಾಗಿರಲೇ ಇಲ್ಲ. ಉದ್ದನೆಯ ಆ ಚೆಂಡು ಅವರ ಕೈಗೆ ಸಿಗದೆ ನೆಲಕ್ಕೆ ಬಡಿದು ಪುಟಿದಿತ್ತು. ಅವರು ಹಿಂದಕ್ಕೆ ತಿರುಗಿ ಅದನ್ನು ಹಿಡಿದುಕೊಂಡು, ಆಮೇಲೆ ಓಟ ಶುರು ಮಾಡಿದ್ದರು.