ಕಾಫಿಗೆ ಮೂರು ಹೆಸರು

ಮುಂಬೈನ ಮಾಟುಂಗಾದಲ್ಲಿ ನಮ್ಮ ಮಹಡಿಯಲ್ಲಿ ನಾಲ್ಕು ಮನೆ, ನಾಲ್ಕು ಭಾಷೆ. ನಿನ್ನೆ ಪಕ್ಕದ ಮನೆಯ ಮರಾಠಿ ಕಾಕು ಸ್ಟೀಲ್ ಡಬ್ಬಿಯಲ್ಲಿ ಪೂರಣಪೋಳಿ ಕೊಟ್ಟರು, ಅಮ್ಮ ಅದೇ ಡಬ್ಬಿ ತೊಳೆದು ಚಕ್ಕುಲಿ ತುಂಬಿ ಕಳಿಸಿದರು, ಖಾಲಿ ಕಳಿಸಬಾರದು ಅಲ್ವಾ.

ನನಗೆ ಯುಗೋಸ್ಲಾವಿಯಾ ನೆನಪಾಯಿತು, ಯುರೋಪಿನಲ್ಲಿದ್ದ, ಈಗ ಒಡೆದುಹೋದ ದೇಶ. ಅದರ ಬೋಸ್ನಿಯಾ ಭಾಗದ ರಾಜಧಾನಿ ಸರಾಯೆವೊದಲ್ಲೂ ಸರ್ಬರು, ಕ್ರೊಯೇಟರು, ಬೋಸ್ನಿಯಾದ ಮುಸ್ಲಿಮರು ಅಕ್ಕಪಕ್ಕದಲ್ಲೇ ಇದ್ದರು, ಆಡುವ ಮಾತೂ ಹೆಚ್ಚುಕಮ್ಮಿ ಒಂದೇ. 1991ರಲ್ಲಿ ಸ್ಲೊವೇನಿಯಾ, ಕ್ರೊಯೇಷಿಯಾ ಬೇರೆಯಾದವು. 1992ರಲ್ಲಿ ಬೋಸ್ನಿಯಾ, ಆಮೇಲೆ ಸರಾಯೆವೊಗೆ ಸುಮಾರು ನಾಲ್ಕು ವರ್ಷ ಮುತ್ತಿಗೆ. ದೇಶ ಒಡೆಯಲು ಬೇರೆ ಬೇರೆ ಜನ ಇದ್ದದ್ದೇ ಕಾರಣ ಅಂತ ಸುಮ್ನೆ ಹೇಳಿಬಿಡುತ್ತಾರೆ, ನಾನು ಒಪ್ಪುವುದಿಲ್ಲ. 1980ರಲ್ಲಿ ದೇಶ ಆಳುತ್ತಿದ್ದ ಟಿಟೊ ತೀರಿಕೊಂಡ ಮೇಲಿನ ಸಾಲ, ಬೆಲೆಯೇರಿಕೆ, ಭಯ ಬಿತ್ತಿ ಬೆಳೆದ ನಾಯಕರು, ಇವುಗಳ ಪಾಲೇ ಜಾಸ್ತಿ.

ಕಾಫಿಗೆ ಸರ್ಬರು ಕಾಫಾ ಅನ್ನುತ್ತಾರೆ, ಕ್ರೊಯೇಟರು ಕಾವಾ, ಬೋಸ್ನಿಯಾದವರು ಕಾಹ್ವಾ. ಅಷ್ಟೇ ವ್ಯತ್ಯಾಸ.